ಎಡ ಭುಜದ ತೇಪೆ

ಸೀಮೆಸುಣ್ಣ ಇಷ್ಟು ತಣ್ಣಗಿರುತ್ತದೆಯೇ, ಇಲ್ಲ, ತಣ್ಣಗಿರುವುದು ತನ್ನ ಬೆರಳೇ, ಈಗಷ್ಟೇ ನೆಟ್ಟಗಿದ್ದವಳಿಗೆ ಹಲ್ಲು ಕಟಕಟ ಎನ್ನುತ್ತಿದೆ, ಮೇಜಿನ ಮೇಲಿನ ಅಂಗಿಗಳ ಹಸಿರು ಕಂದು ಮಚ್ಚೆಗಳು ಕೊಚ್ಚೆ ನೀರಿನಂತೆ ಅಲುಗುತ್ತಿವೆ, ಹದಿನಾರು ವರ್ಷ ಈ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷಿಸಿದ ಕಣ್ಣು ಅವಳದು, ಒಂದು ದಾರ ತಪ್ಪಿದರೂ ಎರಗುತ್ತಾಳೆಂದು ಎಲ್ಲರ ಬಾಯಲ್ಲೂ ಹದ್ದಕ್ಕ, ಆ ಹದ್ದಕ್ಕ ಈಗ ಮೇಜಿನ ಅಂಚು ಹಿಡಿದು ಕುಸಿಯುತ್ತಿದ್ದಾಳೆ — ಅಯ್ಯೋ ಹಿಡ್ಕೊಳ್ರೇ, ಮೈ ಕೆಂಡ ಆಗಿದೆ, ಬೆಳಿಗ್ಗೆ ನನ್ನ ತಲೆ ತಿಂತಿದ್ದಳಲ್ಲ — ಇದು ಗುಂಡಿ ಹಚ್ಚುವ ಗೆಳತಿ, ಕಂಕುಳಿಗೆ ಕೈಕೊಟ್ಟು ಎಳೆದು ಬಟ್ಟೆ ಗಂಟುಗಳ ಮೇಲೆ ಮಲಗಿಸುತ್ತಾಳೆ, ನೀರು ಕುಡಿಸುತ್ತಾಳೆ, ಕುಡಿದ ನೀರು ಕುಡಿದ ಹಾಗೇ ವಾಪಸ್ಸು, ನಾಚಿಕೆ ಪಡುವುದಕ್ಕೂ ಶಕ್ತಿಯಿಲ್ಲ, ತಪ್ಪು ತನ್ನದೇ, ಸ್ವಲ್ಪ ಮುಂಚೆ ಹನ್ನೆರಡು ಅಂಗಿಗಳ ಮೇಲೆ ಗೀಟು ಎಳೆದಿದ್ದಳು, ಮಿಕ್ಕೆಲ್ಲಕ್ಕೂ ಬಲ ಭುಜದಲ್ಲಿ ಅಂಗೈ ಅಗಲದ ದಪ್ಪ ತೇಪೆ, ಈ ಹನ್ನೆರಡಕ್ಕೆ ಮಾತ್ರ ಎಡದಲ್ಲಿ, ಯಾವ ಕುರುಡಿ ಹೊಲಿದಳಪ್ಪಾ ಎಂದು ಬೈದುಕೊಂಡು ಬದಿಗೆಸೆದಿದ್ದಳು, ಸೂಪರ್‌ವೈಸರ್ ಬಂದು ನಕ್ಕುಬಿಟ್ಟ, ಏನು ಹದ್ದಕ್ಕಾ, ನಿಮ್ಮ ಕಣ್ಣಿಗೂ ಪೊರೆ ಬಂತಾ, ಆರ್ಡರ್ ಚೀಟಿ ನೋಡಿ, ಬಲ ಇನ್ನೂರು, ಎಡ ಹನ್ನೆರಡು, ಬಂದೂಕಿನ ಹಿಂಬದಿ ಒತ್ತೋ ಜಾಗ ಅದು, ಎಡಚರಿಗೆ ಎಡಕ್ಕೇ ಬೇಕಲ್ವಾ. ಬಂದೂಕು. ಎದೆ ಸುತ್ತಳತೆ ಇಪ್ಪತ್ತಾರು ಇಂಚು. ಶಾಲೆ ಮಕ್ಕಳ ನಾಟಕಕ್ಕೆ ಅಂದಿದ್ರಲ್ಲ — ಅಂದಿದ್ದೆ, ಏನೀಗ, ನಾವು ಹೊಲಿಯೋರು, ಹಾಕ್ಕೊಳ್ಳೋರ ಪುರಾಣ ನಮಗ್ಯಾಕೆ.

ನಾಟಕಕ್ಕೆ ಯಾರಾದರೂ ಭುಜಕ್ಕೆ ಮೂರು ಪದರ ಹಚ್ಚಿಸುತ್ತಾರೆಯೇ, ಮೂರು ವಾರದಿಂದ ಕಂಡಿತ್ತು, ಕಂಡದ್ದನ್ನು ಕಾಣದ ಹಾಗಿರುವುದು ಸುಲಭವಾಗಿತ್ತು, ಹದ್ದಂತೆ ಹದ್ದು, ಥೂ, ಇಪ್ಪತ್ತಾರು ಇಂಚೆಂದರೆ ಮಗಳ ಅಳತೆ, ಒಂಬತ್ತು ವರ್ಷದವಳು, ಅವಳೂ ಎಡಚಿ, ಮೊನ್ನೆ ಶಾಲೆಯಿಂದ ಬಂದು ಹೇಳಿದ್ದಳು, ಮೊಣಕೈ ತಾಗುತ್ತೆ ಅಂತ ಬೆಂಚಿನ ತುದಿಗೆ ಕೂರಿಸಿದ್ದಾರೆ ಕಣಮ್ಮಾ, ಕಿಟಕಿ ಪಕ್ಕ, ಮಜಾ — ಮೇಷ್ಟ್ರಿಗೆ ಹೇಗೆ ಗೊತ್ತಾಯ್ತೇ — ಎಡಗೈಲಿ ಬರೆಯೋರು ಕೈ ಎತ್ತಿ ಅಂದ್ರು, ಎತ್ತಿದೆ. ಎತ್ತಿದಳು. ಹಾಗಾದರೆ ಈ ಅಂಗಿಗಳು ಹೋಗುವಲ್ಲಿಯೂ ಯಾರೋ ಕೇಳಿದ್ದಾರೆ, ಯಾವುದೋ ಬಯಲಲ್ಲಿ ಸಾಲಾಗಿ ನಿಲ್ಲಿಸಿ ಎಣಿಸಿದ್ದಾರೆ, ಉಂಡೆಯಾ ಎಂದು ಕೇಳದ ಲೋಕ, ಅಮ್ಮ ಎಲ್ಲಿ ಎಂದು ಕೇಳದ ಲೋಕ, ಯಾವ ಕೈ ಎಂದು ಮಾತ್ರ ಎಷ್ಟು ಮುತುವರ್ಜಿಯಿಂದ ಕೇಳಿದೆ, ಭುಜ ನೋಯಬಾರದು ನೋಡಿ, ಎತ್ತಿದ ಕೈಗಳು, ಮತ್ತೆ ಚಳಿ, ಗಂಟಿನೊಳಗಿನ ಅಂಗಿಗಳ ತೋಳುಗಳು ಬೆನ್ನಿಗೆ ಒತ್ತುತ್ತಿವೆ — ಹದ್ದಕ್ಕಾ, ಸಾಯಂಕಾಲ ಲಾರಿ ಬರುತ್ತೆ, ನಿಮ್ಮ ಮುದ್ರೆ ಇಲ್ಲದೆ ಗೇಟು ದಾಟಲ್ಲ, ಚೀಟಿ ಮೇಲೆ ಒಂದು ಸಲ ಒತ್ತಿ ಮಲಗಿ, ಇಲ್ದಿದ್ರೆ ನಾಳೆಯಿಂದ ಮನೇಲೇ ಮಲಗಿ — ಗೆಳತಿ ಕಿವಿಯ ಹತ್ತಿರ, ಒತ್ತಿಬಿಡೇ, ನೀನು ಒತ್ತದಿದ್ರೆ ಯುದ್ಧ ನಿಲ್ಲುತ್ತಾ, ಮಗಳ ಮುಖ ನೋಡು — ಅದನ್ನೇ ನೋಡುತ್ತಿದ್ದಾಳೆ, ಅದೇ ಆಗಿರುವುದು, ಹೌದು ನಿಲ್ಲುವುದಿಲ್ಲ, ಇನ್ನೊಬ್ಬಳು ಒತ್ತುತ್ತಾಳೆ, ಇನ್ನೊಂದು ಕಾರ್ಖಾನೆ ಹೊಲಿಯುತ್ತದೆ, ಎಲ್ಲ ಗೊತ್ತು, ಸಾಕಾಗಿದೆ, ಬೆರಳುಗಳು ಕೈಗೆ ತುರುಕಿದ ಮುದ್ರೆಯ ಸುತ್ತ ಗಂಟಾಗಿವೆ, ಜ್ವರವೋ ಹಟವೋ, ಒತ್ತುವುದೂ ಇಲ್ಲ, ಬಿಡುವುದೂ ಇಲ್ಲ, ಸೂಪರ್‌ವೈಸರ್ ಮೇಲೆದ್ದ ಮಣಿಕಟ್ಟು ಹಿಡಿದು ಚೀಟಿಯತ್ತ ಕೆಳಕ್ಕೆ ಎಳೆಯುತ್ತಾನೆ, ಬಿಡಿ ಅಕ್ಕಾ, ಬಿಡಿ, ಕೈ ಇಳಿಯುವುದಿಲ್ಲ, ಹನ್ನೆರಡು ಎಡಗೈ, ಉಗುರಲ್ಲಿ ಮಣ್ಣು, ಎಲ್ಲರಿಗಿಂತ ಮೊದಲು ತಾವೇ ಎಂದು ತುದಿಗಾಲಲ್ಲಿ ನಿಂತು, ನಾನು ಸಾರ್, ನಾನು ಸಾರ್ — ಎತ್ತಿದ ಕೈ — ನಾನು ಸಾರ್ —