ಲಡ್ಡು ಹಿಡಿದ ಕಟಕಟೆ

ತನ್ನ ಅಕ್ಕನ ಮನೆಯ ಮೂರನೇ ಮಹಡಿಯ ಬಾಲ್ಕನಿಗೆ ಪೈನ್ ಮರದ ಕಟಕಟೆ ಹಾಕಿಕೊಟ್ಟ ದಿನ ಬಡಗಿ ಎದೆ ತಟ್ಟಿ ಹೇಳಿದ್ದ: "ನೆಲಕ್ಕೆ ತಾಗಲ್ಲ, ಗೆದ್ದಲು ಹತ್ತಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಭಾವ."

ಗಣಿತದ ಮೇಷ್ಟ್ರಾಗಿದ್ದ ಭಾವ "ನೋಡೋಣ" ಎಂದರು. ಅಷ್ಟೇ. ಆ ಮಾತು ಬಡಗಿಯನ್ನು ಇವತ್ತಿಗೂ ಚುಚ್ಚುತ್ತಿತ್ತು.

ಹಟಕ್ಕೆ ಬಿದ್ದು ಪ್ರತಿ ಮಳೆಗಾಲಕ್ಕೆ ಮುಂಚೆ ಅವನೇ ಬಂದು ದಪ್ಪಗೆ ಬಣ್ಣ ಬಳಿಯುತ್ತಿದ್ದ. ಬಿರುಕು ಕಂಡರೆ ಅದರ ಮೇಲೂ ಒಂದು ಕೋಟು. ಕಟಕಟೆ ಮದುಮಗನ ಹಾಗೆ ಮಿಂಚುತ್ತಿತ್ತು. ಹಿಂದಿನ ಗೋಡೆಯ ಮೇಲೆ ಮಾತ್ರ ಒಂದು ಎಣ್ಣೆಜಿಡ್ಡಿನ ಕಲೆ; ಮೇಷ್ಟ್ರಿಗೆ ಗೋಡೆ ಒರೆಸೋ ಯೋಗ್ಯತೆಯೂ ಇಲ್ಲ ಎಂದು ಬಡಗಿ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ.

ಈ ಸಲ ಬ್ರಷ್ ಹಿಡಿದು ಕೂತಾಗ, ಕಂಬ ಮೇಲಿನ ಪಟ್ಟಿಗೆ ಸೇರುವ ಕಡೆ ಹೆಬ್ಬೆರಳು ಸೀದಾ ಒಳಗೆ ಹೋಯಿತು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿವರೆಗೂ ಇಳಿಯಿತು. ಒಳಗೆಲ್ಲ ಕಂದು ಪುಡಿ, ಅಣಬೆಯ ವಾಸನೆ. ಬಿರುಕಿಗೆ ಇಳಿದ ನೀರನ್ನು ಅವನ ಬಣ್ಣವೇ ಆರಲು ಬಿಡದೆ ಕಾಪಾಡಿತ್ತು. ಶಿಲೀಂಧ್ರ ಒಳಗೆ ಕೂತು ಆರಾಮಾಗಿ ಮೇಯ್ದಿತ್ತು.

"ಅಕ್ಕಾ, ಮರ ಲಡ್ಡು ಹಿಡಿದು ಕೊಳೆತಿದೆ ಕಣೇ!"

"ಮೆಲ್ಲಗೆ ಮಾತಾಡೋ! ಅವರಿಗೆ ಗೊತ್ತಾದ್ರೆ ನನ್ನ ತವರಿನ ಮಾನ ಹರಾಜು. ವಾಕಿಂಗ್ ಮುಗಿಸಿ ಬರೋದ್ರೊಳಗೆ ಪುಟ್ಟಿ ತುಂಬಿ ಬಳಿದುಬಿಡು. ಆಮೇಲೆ ನೋಡ್ಕೊಳ್ಳೋಣ."

ಬಡಗಿ ತುಂಬಿದ. ಬಳಿದ.

ಅಷ್ಟರಲ್ಲಿ ಭಾವ ಟೀ ಗ್ಲಾಸ್ ಹಿಡಿದು ಬಂದೇಬಿಟ್ಟರು; ಕಟಕಟೆಯ ಕಡೆಗೇ ನಡೆದರು. ಕೆಳಗೆ ಕಲ್ಲು ಹಾಸಿದ ಅಂಗಳ. ಬಾಯಿ ಬಿಟ್ಟರೆ ಜನ್ಮವಿಡೀ ಅವಮಾನ, ಬಿಡದಿದ್ದರೆ ಅಕ್ಕನ ಗಂಡನೇ ಇರುವುದಿಲ್ಲ. ಬಡಗಿ ಹಾರಿ ಅವರ ಅಂಗಿ ಹಿಡಿದೆಳೆದ.

"ಒರಗಬೇಡಿ ಭಾವ! ಒಳಗೆಲ್ಲ ಲಡ್ಡು. ತಪ್ಪು ನಂದೇ!"

ಟೀ ಚೆಲ್ಲಿತು. ಭಾವ ಅಂಗಿ ಕೊಡವಿಕೊಂಡರು.

"ಗ್ಲಾಸ್ ಇಡೋಕೆ ಹೊರಟಿದ್ದೆ ಮಾರಾಯ. ನೀನು ಮಾಡಿದ್ದಕ್ಕೆ ನಾನು ಯಾವತ್ತು ಒರಗಿದ್ದೀನಿ?" ಎಂದು ಹಿಂದಕ್ಕೆ ಸರಿದು ಗೋಡೆಗೆ ಆನಿಕೊಂಡರು. ಅವರ ತಲೆ ಆ ಜಿಡ್ಡಿನ ಕಲೆಯ ಮೇಲೆ ಸರಿಯಾಗಿ ಕೂತಿತು.

ಬಡಗಿಗೆ ಜೀವ ಬಂದ ಹಾಗಾಯಿತು, ಹೊಟ್ಟೆಯೂ ಉರಿಯಿತು. ಇಷ್ಟು ವರ್ಷ ಬಳಿದ ಬಣ್ಣವೆಲ್ಲ ಯಾರಿಗಾಗಿ?

"ಇವತ್ತು ಬಾಯಿಬಿಟ್ಟೆಯಲ್ಲ," ಎಂದರು ಭಾವ. "ಹೊಸದು ಮಾಡು, ಒರಗ್ತೀನಿ."

ಬಡಗಿಯ ಕಣ್ಣು ತುಂಬಿತು.

"ಆದ್ರೆ ಮೊದಲು ನಿಮ್ಮಕ್ಕ ಒರಗಲಿ."