ಅರ್ಧಕ್ಕೆ ನಿಂತ ಗೋಡೆ

ಮೆಟ್ಟಿಲ ತಿರುವಿನಲ್ಲಿ ಮೇಷ್ಟ್ರ ಶವಪೆಟ್ಟಿಗೆ ಸಿಕ್ಕಿಕೊಂಡಿತು.

“ಸ್ವಲ್ಪ ಓರೆ ಮಾಡ್ರಪ್ಪಾ! ಬದುಕಿದ್ದಾಗ್ಲೂ ಭಾವ ಯಾರಿಗೂ ಬಗ್ಗಿದೋರಲ್ಲ,” ಎಂದು ಮೇಲಿನಿಂದ ಅಪ್ಪಣೆ ಕೊಡುತ್ತಿದ್ದವನು ಮೇಷ್ಟ್ರ ಹೆಂಡತಿಯ ತಮ್ಮ. ಹೆಗಲು ಕೊಡುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸವನ್ನೂ ಅವನು ಬೆಳಗಿನಿಂದ ಮೈಮೇಲೆ ಎಳೆದುಕೊಂಡಿದ್ದ.

ಕೆಳಗೆ ನಿಂತಿದ್ದ ಮೇಷ್ಟ್ರ ಶಿಷ್ಯೆಯನ್ನು ಕಂಡದ್ದೇ ಅವನ ದನಿ ಏರಿತು. “ಇವಳೇ ಕಣ್ರೀ, ಭಾವ ಜೀವಮಾನವಿಡೀ ಕಾದ ಸುದ್ದಿ ತಂದೋಳು! ಎಲ್ಲರಿಗೂ ಫೋನ್ ಮಾಡಿ ಹೇಳಿದೀನಿ. ಚಿತಾಗಾರದಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು ಮೈಕಿನಲ್ಲೇ ಹೇಳ್ತಾರಂತೆ. ಪೇಪರಿನವರೂ ಬರ್ತಾರೆ.”

ಆ ಸುದ್ದಿ ಸುಳ್ಳು.

*

ಸಸ್ಯದ ಕೋಶವೊಂದು ಎರಡಾಗುವಾಗ ನಡುವೆ ಹೊಸ ಗೋಡೆ ಏಳುತ್ತದೆ. ಅದು ಎಲ್ಲಿ ಏಳಬೇಕು, ಎಲ್ಲಿ ಹೋಗಿ ಮುಟ್ಟಬೇಕು ಎಂದು ತೋರಿಸುವುದು ಕೋಶದ ಪೊರೆಯಲ್ಲಿರುವ ಒಂದು ಬಗೆಯ ಜಿಡ್ಡು ಎಂಬುದು ಮೇಷ್ಟ್ರ ವಾದ. “ಇಟ್ಟಿಗೆ ಲಾರಿ ಬಂದ್ರೆ ಸಾಲದಮ್ಮ, ಎಲ್ಲಿ ಇಳಿಸ್ಬೇಕು ಅಂತ ಹೇಳೋಕೆ ಮೇಸ್ತ್ರಿ ಬೇಕು” ಎನ್ನುತ್ತಿದ್ದರು. ಆ ಜಿಡ್ಡಿಲ್ಲದ ಸಸಿಗಳಲ್ಲಿ ಗೋಡೆ ಅರ್ಧಕ್ಕೇ ನಿಲ್ಲುತ್ತಿತ್ತು. ಜಿಡ್ಡನ್ನು ಮತ್ತೆ ಉಣಿಸಿದರೆ ಪೂರ್ತಿಯಾಗಬೇಕಿತ್ತು. ಶಿಷ್ಯೆ ಬಗೆಬಗೆಯಾಗಿ ಉಣಿಸಿದ್ದಳು. ಗೋಡೆ ಜಪ್ಪಯ್ಯ ಎಂದರೂ ಮುಂದೆ ಹೋಗಿರಲಿಲ್ಲ.

ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದ ಮೇಷ್ಟ್ರು ಅದನ್ನೇ ಕೇಳಿದರು. “ಆಚೆ ಅಂಚು ಮುಟ್ತಾ?”

“ಮುಟ್ತು ಸರ್.”

ಅವರು ಕಣ್ಣು ಮುಚ್ಚಿಕೊಂಡರು. ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ಹೆಂಡತಿಯ ತಮ್ಮ ಕಾಫಿ ಬಿಟ್ಟು ಫೋನ್ ಹಿಡಿದ.

*

ಗಾಡಿಯಲ್ಲಿ ಪೆಟ್ಟಿಗೆಯ ಪಕ್ಕ ಮೇಷ್ಟ್ರ ಹೆಂಡತಿ, ಅವರಿಗೆ ಒತ್ತಿಕೊಂಡು ಶಿಷ್ಯೆ, ಮುಂದೆ ಡ್ರೈವರ್ ಜೊತೆ ತಮ್ಮ. ಮೈಕು ಇನ್ನು ಹೆಚ್ಚು ದೂರವಿರಲಿಲ್ಲ.

“ಅಮ್ಮಾ, ಗೋಡೆ ಬಂದಿಲ್ಲ. ನಾನು ಸುಳ್ಳು ಹೇಳ್ದೆ.”

“ಗೊತ್ತು ಕಣೆ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಅವರಿಗೂ ಗೊತ್ತಿತ್ತು.”

“ಹೇಗೆ?”

“‘ಎಲೆ ಹಳದಿಯಾದ್ರೂ ಹತ್ತು ಫೋಟೊ ತೋರಿಸೋಳು, ಗೋಡೆ ಬಂದಿದ್ರೆ ಬರಿಗೈಲಿ ಬರ್ತಿದ್ಳಾ?’ ಅಂದ್ರು. ನೀನು ಹೋದ್ಮೇಲೆ ನಕ್ಕೂ ನಕ್ಕೂ ಕೆಮ್ಮು ಹತ್ತಿ, ನರ್ಸ್ ಬಂದು ನನಗೆ ಬೈದ್ಳು.”

“ಕೋಪ ಬರ್ಲಿಲ್ವಾ?”

“ಇಲ್ವೇ. ‘ಪಾಪ, ಇವಳಿಗೆ ಸುಳ್ಳು ಹೇಳೋಕೇ ಬರಲ್ಲ. ಇಂಥೋಳ ಕೈಲಿದ್ರೆ ಇನ್ನು ಪ್ರಯೋಗಾಲಯದ ಚಿಂತೆಯಿಲ್ಲ’ ಅಂದ್ರು. ಆಮೇಲೆ ಚೆನ್ನಾಗಿ ನಿದ್ದೆ ಮಾಡಿದ್ರು.”

ಎಷ್ಟೋ ದಿನಗಳ ಮೇಲೆ ಶಿಷ್ಯೆಯ ಉಸಿರು ಪೂರ್ತಿ ಒಳಗಿಳಿಯಿತು.

ಹೆಂಡತಿ ಮುಂದಕ್ಕೆ ಬಾಗಿದರು. “ಲೋ, ಗೋಡೆ ಬಂದಿಲ್ವಂತೆ. ಮೈಕಿನಲ್ಲಿ ಹೇಳಿಸ್ಬೇಡ.”

“ಅಯ್ಯೋ ಅಕ್ಕಾ! ಊರಿಗೆಲ್ಲ ಹೇಳಿಬಿಟ್ಟಿದೀನಲ್ಲ!”

“ಊರಿಗೆಲ್ಲ ವಾಪಸ್ ಹೇಳು.”

ತಮ್ಮ ಫೋನ್ ಕಿವಿಗಿಟ್ಟ. “ಹಲೋ, ಮುಖ್ಯಸ್ಥರಾ? ಭಾವ ಹೋಗಿರೋದು ನಿಜ ಸಾರ್, ಅದ್ರಲ್ಲೇನೂ ಬದಲಾವಣೆ ಇಲ್ಲ. ಗೋಡೆ ಮಾತ್ರ…”

ಹೆಂಡತಿ ನಗು ತಡೆಯಲು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಶಿಷ್ಯೆ ಅವರ ಭುಜಕ್ಕೆ ಮುಖ ಒತ್ತಿದಳು. ಇಬ್ಬರ ಮೈಯೂ ಕುಲುಕುತ್ತಿತ್ತು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಪಕ್ಕದ ಸೈಕಲ್ಲಿನವನೊಬ್ಬ ಕಿಟಕಿಯಲ್ಲಿ ಅವರನ್ನು ಕಂಡು ಕೆಳಗಿಳಿದ. ಟೋಪಿ ತೆಗೆದು, ತಲೆ ಬಗ್ಗಿಸಿ ನಿಂತ. ದೀಪ ಹಸಿರಾದರೂ ಅವನು ಸೈಕಲ್ ಹತ್ತಲಿಲ್ಲ.