ಮೆಕ್ಸಿಕೊಗೆ ಕಳಿಸಿದ ವಿಶೇಷಣ

ವಾರಕ್ಕೆ ಐದು ದಿನ ಸಂಯುಕ್ತಾ ಹೈದರಾಬಾದಿನ ಮಾದಾಪುರದ ಗಾಜಿನ ಕಟ್ಟಡದಲ್ಲಿ ಕೂತು ಸ್ಪ್ಯಾನಿಷ್ ಬರೆಯುತ್ತಿದ್ದಳು, ಸಂಬಳಕ್ಕೆ. ಶನಿವಾರ ನಾಚಾರಂನಲ್ಲಿ ಬರೆಯುತ್ತಿದ್ದದ್ದು ಸಲಿಗೆಗೆ. ಅಲ್ಲಿ ನೀರಿನ ಪಂಪು ಮಾಡುವ ಸಣ್ಣ ಶೆಡ್ಡಿನ ಮಾಲೀಕರಾದ ಗುರುಶಾಂತ ಅವಳ ತಂದೆಯ ಹುಮನಾಬಾದಿನ ಗೆಳೆಯರು.

ಅವಳು ಸ್ಪ್ಯಾನಿಷ್ ಕಲಿತದ್ದು ಅಮೀರ್‌ಪೇಟ್‌ನಲ್ಲಿ, ಒಂದೇ ಮೆಟ್ಟಿಲ ಸಾಲಿನಲ್ಲಿ ಜಾವಾ, ಒರಾಕಲ್ ಕೋಚಿಂಗ್ ಬೋರ್ಡುಗಳ ನಡುವೆ ಸ್ಪೇನಿಗೂ ಜಾಗ ಸಿಕ್ಕಿದ್ದ ಕಾಲದಲ್ಲಿ. ಕಲಿಸಿದ ಮೇಷ್ಟರು ವಿಜಯವಾಡದಿಂದ ಆಚೆಗೆ ಹೋದವರಲ್ಲ. ಆದರೆ ಉಚ್ಚಾರಣೆಯ ವಿಷಯದಲ್ಲಿ ಅವರಿಗಿದ್ದ ಧೈರ್ಯ ಮ್ಯಾಡ್ರಿಡ್‌ನಲ್ಲೂ ಎಲ್ಲರಿಗೂ ಇರಲಿಕ್ಕಿಲ್ಲ. ಆ ಧೈರ್ಯ ಶಿಷ್ಯೆಗೂ ಬಂದಿತ್ತು.

ಮೆಕ್ಸಿಕೊದ ವ್ಯಾಪಾರಿಯೊಬ್ಬ ಗುರುಶಾಂತರ ಪಂಪಿನ ಸ್ಯಾಂಪಲ್ ಮೆಚ್ಚಿ ಮೇಲ್ ಬರೆದಿದ್ದ. ನೀವು ಎಂಥವರು, ಮಾಲು ಯಾವಾಗ ಕಳಿಸುತ್ತೀರಿ, ಇಷ್ಟೇ ಪ್ರಶ್ನೆ. ಹಿಂದೆ ಮಾಲು ಕೊಡುತ್ತಿದ್ದವನು ತಾರೀಖು ತಪ್ಪಿಸಿ ಅವನ ಇಡೀ ಹಂಗಾಮು ಹಾಳು ಮಾಡಿದ್ದನಂತೆ. ಉತ್ತರ ಹಿಡಿಸಿದರೆ ಇದು ಗುರುಶಾಂತರ ಮೊದಲ ಹೊರದೇಶದ ಆರ್ಡರು.

"ನಂಬಿಗಸ್ತ ಅಂತ ಬರಿ ಬೇಟಾ, ಆತು," ಎಂದರು ಗುರುಶಾಂತ.

"ಯಾವ ನಂಬಿಗಸ್ತ, ಕಾಕಾ? ಅವರ ಕಡೆ ಭಾಳ ಅದಾವ."

"ಅಂದ್ರ?"

"ಗ್ವಾಡಿ ಬೀಳಂಗಿಲ್ಲ ಅನ್ನಾಕ ಸೆಗೂರೊ. ಮಷೀನ್ ಕೈ ಕೊಡಂಗಿಲ್ಲ ಅನ್ನಾಕ ನಮ್ಮ ಮೇಷ್ಟ್ರು ಫಿಯಾಬ್ಲೆ ಅಂತ ಕಲಿಸಿದ್ರು, ಆದ್ರ ಮೆಕ್ಸಿಕೊದವರು ಕೊನ್ಫಿಯಾಬ್ಲೆ ಅಂತಾರ. ಹೇಳಿದ ದಿನಕ್ಕ ಹೇಳಿದ್ದು ಮಾಡೋ ಮನಶ್ಯಾಗ ಕುಂಪ್ಲಿದೋರ್."

"ಎಲ್ಲಾ ಹಾಕಿಬಿಡು. ಒಂದರೆ ಹತ್ತತೈತಿ."

"ಎಲ್ಲಾ ಹಾಕಿದ್ರ ಇಂವಾ ಏನೋ ಮುಚ್ಚಾಕತ್ತಾನ ಅಂತಾನ ಅಂವಾ."

"ಹಂಗಾರ ಕಡೀದು ಹಾಕು. ಕೇಳಾಕ ಭಾರಿ ಐತಿ. ತಾರೀಖು, ದಸರಾ ಆದ ನಾಕನೇ ದಿನ."

ಆಚೆ ಡಬ್ಬಿ ಕಟ್ಟುತ್ತಿದ್ದ ಅವರ ಹೆಂಡತಿ ಗುರುದೇವಿ ಟೇಪು ಹರಿಯುವುದನ್ನು ನಿಲ್ಲಿಸಿದರು. "ನಾಕನೇ ದಿನ ಲೇಥ್ ಯಾರು ತಿರಗಸ್ತಾರ್ರಿ? ನಾನೇನ?"

ಪ್ರಶ್ನೆ ನ್ಯಾಯವಾಗಿತ್ತು. ಶೆಡ್ಡಿನ ಹುಡುಗರೆಲ್ಲ ಬೀದರ, ಯಾದಗಿರಿ ಕಡೆಯವರು. ಆಯುಧಪೂಜೆಯ ದಿನ ಲೇಥಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಬಾಗಿಲೆಳೆದು ಊರ ಬಸ್ಸು ಹತ್ತುವರು. ಹಿರಿಯರಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ಬನ್ನಿ ಕೊಡಬೇಕಾದ ಹಿರಿಯರ ಸಂಖ್ಯೆ ಅದೇಕೋ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇತ್ತು. ನಾಚಾರಂನಲ್ಲಿ ಇದಕ್ಕೆ ತಡ ಎಂಬ ಹೆಸರಿರಲಿಲ್ಲ. ತಾರೀಖು ಹೇಳುವವನೂ ಕೇಳುವವನೂ ದಸರೆಯನ್ನು ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಿದ್ದರು.

"ಅಂವಗೂ ತಿಳೀತೈತಿ ತಗೋ," ಎಂದರು ಗುರುಶಾಂತ.

"ಮೆಕ್ಸಿಕೊದವಗ ಬನ್ನಿ ಯಾರ್ ಹೇಳ್ಯಾರು, ಕಾಕಾ?" ಸಂಯುಕ್ತಾ ಕೀಬೋರ್ಡಿನಿಂದ ಕೈ ತೆಗೆದಳು. "ಪಂಪಿಗೆ ಕೊನ್ಫಿಯಾಬ್ಲೆ ಕಣ್ಮುಚ್ಚಿ ಬರೀತೀನಿ. ಕೂಕಟ್‌ಪಲ್ಲ್ಯಾಗ ನಮ್ಮ ಮನ್ಯಾಗ ನಿಮ್ಮ ಪಂಪೇ ನಡ್ಯಾಕತ್ತೈತಿ. ನಿಮಗ ಕುಂಪ್ಲಿದೋರ್ ಬೇಕಂದ್ರ ತಾರೀಖು ಬದಲ್ ಮಾಡ್ರಿ."

"ತಡಾ ಆಗತೈತಿ ಅಂದ್ರ ಆರ್ಡರ್ ಹೋಗತೈತಿ! ನಿಮ್ಮಪ್ಪ ಇಷ್ಟು ಹಟಮಾರಿ ಇರಲಿಲ್ಲ ಬೇಟಾ."

"ಇದ್ರು," ಎಂದರು ಗುರುದೇವಿ. "ಲೇಥಿನ ಸಪ್ಪಳದಾಗ ನಿಮಗ ಕೇಳ್ತಿರಲಿಲ್ಲ."

ಗುರುಶಾಂತ ಆಫೀಸು ಕೋಣೆಯ ಬಾಗಿಲಿಗೆ ಹೋಗಿ ಫಿಟ್ಟರ್ ಹುಲಗೇಶನನ್ನು ಕೂಗಿದರು. "ದಸರಾಕ್ಕ ಹೋದಾಂವ ಯಾವಾಗ ಬರ್ತೀಲೇ?"

"ಮೂರ್ ದಿನ್ದಾಗ ಬರ್ತೀನ್ರಿ ಸಾವಕಾರ್ರ."

"ಖರೇ ಹೇಳು."

ಹುಲಗೇಶ ಕೈಯ ಗ್ರೀಸು ಒರೆಸಿಕೊಂಡು ಯೋಚಿಸಿದ. "ದೀಪಾವಳಿ ಒಳಗಂತೂ ಬರ್ತೀನ್ರಿ."

ತಾರೀಖು ಮೂರು ವಾರ ಮುಂದೆ ಹೋಯಿತು. ಸಂಯುಕ್ತಾ ಕಾರಣವನ್ನೂ ಬರೆದಳು: ಹಬ್ಬಕ್ಕೆ ಯಂತ್ರಗಳಿಗೆ ವಿಶ್ರಾಂತಿ, ಕೆಲಸಗಾರರು ಹಿರಿಯರ ಆಶೀರ್ವಾದಕ್ಕೆ ಊರಿಗೆ ಹೋಗುತ್ತಾರೆ. ಕೊನೆಗೆ ಗುರುಶಾಂತರ ಹೆಸರಿನ ಮುಂದೆ ಒಂದೇ ಒಂದು ವಿಶೇಷಣ. ಕಳಿಸಿದ ಮೇಲೆ ಗುರುಶಾಂತ ಚಹಾ ಕುಡಿಯಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ವ್ಯಾಪಾರಿಯೇ ಫೋನ್ ಮಾಡಿದ. ಸಂಯುಕ್ತಾ ತುಸು ಹೊತ್ತು ಕೇಳಿದಳು, ಎರಡು ಮಾತು ಹೇಳಿದಳು, ಒಮ್ಮೆ ನಕ್ಕಳು. ಗುರುಶಾಂತ ಅವಳ ಮುಖವನ್ನೇ ನೋಡುತ್ತಿದ್ದರು.

"ಏನಂತಾನ?"

"ಉಳಿದವರೆಲ್ಲ ನಿಮಗಿಂತ ಮುಂಚಿನ ತಾರೀಖೇ ಕೊಟ್ಟಾರಂತ."

"ಹೋತು ಬಿಡು."

"ತಡೀರಿ. ಡಿಸೆಂಬರಿನಾಗ ಅವರ ದೇವಿ ಹಬ್ಬಕ್ಕ ಅವನ ಗೋದಾಮಿಗೂ ಒಬ್ಬ ಆಳೂ ಬರಂಗಿಲ್ಲಂತ. ಹಬ್ಬ ಲೆಕ್ಕಕ್ಕ ಹಿಡಿದು ತಾರೀಖು ಹೇಳಿದಾಂವ ನೀವೊಬ್ಬರೇ ಅಂತ. ಆರ್ಡರ್ ಕೊಟ್ಟಾನ."

ಗುರುದೇವಿ ಕೈಮುಗಿದರು.

"ಇನ್ನೊಂದು ಕೇಳಿದ," ಎಂದಳು ಸಂಯುಕ್ತಾ. "ಕುಂಪ್ಲಿದೋರ್ ಅಂತ ಬರದಾಕಿ ಯಾರು ಅಂತ. ನಾನ ಅಂದೆ. ತಾರೀಖು ತಪ್ಪಿದ್ರ ಫೋನ್ ನಿಮಗ ಬರಂಗಿಲ್ಲ, ನನಗ ಬರತೈತಿ."

"ನಿನ್ನ ಒಂದು ಮಾತಿಗೆ ನಾ ದುಡಿದು ಸಾಯಬೇಕೇನು?" ಎಂದು ಗೊಣಗುತ್ತ ಗುರುಶಾಂತ ಶೆಡ್ಡಿನ ಕಡೆ ನಡೆದರು. ಹುಡುಗರು ಬೆಳಗಿನ ಬುತ್ತಿ ಬಿಚ್ಚಿ ಕೂತಿದ್ದರು. ಅವರನ್ನು ಎಬ್ಬಿಸದೆ ಗುರುಶಾಂತ ತಾವೇ ಅಂಗಿಯ ತೋಳು ಮಡಚಿ, ಲೇಥಿನ ಸ್ವಿಚ್ಚು ಒತ್ತಿದರು.